ಮರಳಿ ಬರುವ ಮಾತಿಗೆ ಸಾಕ್ಷಿ

ಗಾಜಿನ ಆಚೆ ಕುಳಿತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಮುಚ್ಚಿ, ಅದರ ಮೇಲೆ ಒಂದು ಮುದ್ರಿತ ಹಾಳೆಯನ್ನಿಟ್ಟು, ಕಿಟಕಿಯ ತಳದ ಸಂದಿಯಿಂದ ನನ್ನ ಕಡೆಗೆ ಸರಿಸಿದರು. ಮಾತು ಆರಂಭವಾಗಿ ಮೂರು ನಿಮಿಷವೂ ಕಳೆದಿರಲಿಲ್ಲ. ಎದೆಗವಚಿಕೊಂಡು ತಂದಿದ್ದ ಕಡತದಲ್ಲಿ ನಲವತ್ತಕ್ಕೂ ಹೆಚ್ಚು ಕಾಗದಗಳಿದ್ದವು. ಶಾಲೆಯ ಅಂಕಪಟ್ಟಿಯಿಂದ ಹಿಡಿದು ಮನೆಯ ತೆರಿಗೆ ರಸೀದಿಯವರೆಗೆ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಗಳಲ್ಲಿ ಜೋಡಿಸಿ, ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಸಿದ್ಧವಾಗಿದ್ದೆ. ಅವುಗಳಲ್ಲಿ ಒಂದನ್ನೂ ಅವರು ಕೇಳಲಿಲ್ಲ. ಹೊರಗೆ ಬಂದು, ಗೋಡೆಗೆ ಒರಗಿ ನಿಂತು, ಆ ಹಾಳೆಯನ್ನು ಓದಿದೆ. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ಸೆಕ್ಷನ್ 214(ಬಿ) ಪ್ರಕಾರ ವೀಸಾಕ್ಕೆ ಬೇಕಾದ ಅರ್ಹತೆಯನ್ನು ನಾನು ತೋರಿಸಿಕೊಟ್ಟಿಲ್ಲ ಎಂಬುದು ಅದರ ಸಾರವಾಗಿತ್ತು. ಒಂದು ಶೈಕ್ಷಣಿಕ ವರ್ಷದ ವಿನಿಮಯ ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದೆ. ಅದು ಆರಂಭವಾಗಲು ಏಳು ವಾರ ಉಳಿದಿತ್ತು.

ಆ ಸೆಕ್ಷನ್ 1952ರ ಕಾಯ್ದೆಯದು. ವೀಸಾ ಕೇಳಿಕೊಂಡು ಬರುವ ಪ್ರತಿಯೊಬ್ಬರೂ ಅಲ್ಲಿಯೇ ಖಾಯಂ ಆಗಿ ನೆಲೆಸಲು ಹೊರಟವರೆಂದೇ ಅಧಿಕಾರಿ ಮೊದಲು ಭಾವಿಸಬೇಕು. ಹಾಗಲ್ಲ, ತಾನು ಒಂದು ನಿರ್ದಿಷ್ಟ ಕೆಲಸಕ್ಕಾಗಿ ತಾತ್ಕಾಲಿಕವಾಗಿ ಹೋಗುತ್ತಿರುವೆ ಎಂದು ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದು ಎಂದು ಅದು ಹೇಳುತ್ತದೆ. ಕೆಲವೇ ಕೆಲವು ಉದ್ಯೋಗ ವೀಸಾಗಳಿಗೆ ಇದರಿಂದ ವಿನಾಯಿತಿ ಇದೆ. ವಿದ್ಯಾರ್ಥಿಗಳ ಎಫ್-1 ಮತ್ತು ವಿನಿಮಯ ಸಂದರ್ಶಕರ ಜೆ-1 ವೀಸಾಗಳಿಗೆ ಇಲ್ಲ. ನ್ಯಾಯಾಲಯದಲ್ಲಾದರೆ ಆರೋಪ ಹೊರಿಸಿದವರು ಅದನ್ನು ಸಾಬೀತು ಮಾಡಬೇಕು. ವೀಸಾ ಕಿಟಕಿಯ ಮುಂದೆ ಆ ಭಾರ ನಮ್ಮ ಹೆಗಲಿಗೆ ಬರುತ್ತದೆ. ಅದೂ ನಡೆದು ಹೋದ ಸಂಗತಿಯ ಬಗ್ಗೆ ಅಲ್ಲ, ಇನ್ನೂ ನಡೆಯದಿರುವ ಸಂಗತಿಯ ಬಗ್ಗೆ. ಇಪ್ಪತ್ತೆರಡರ ವಯಸ್ಸಿನಲ್ಲಿ, ಇಪ್ಪತ್ಮೂರರಲ್ಲಿ ನಾನು ಮರಳಿ ಬರುವೆ ಎಂಬುದನ್ನು ಯಾವ ಕಾಗದದಿಂದ ತೋರಿಸುವುದು?

ನನಗೆ ಆಗ ಈ ಪ್ರಶ್ನೆಗೆ ಸಿದ್ಧ ಉತ್ತರವನ್ನು ಕೊಟ್ಟವರು ಒಬ್ಬ ಏಜೆಂಟರು. ಅವರು ಕೊಟ್ಟ ಎರಡು ಪುಟಗಳಲ್ಲಿ ಹನ್ನೆರಡು ಪ್ರಶ್ನೆಗಳೂ ಅವುಗಳ ಉತ್ತರಗಳೂ ಇದ್ದವು. ಈ ಸಂಸ್ಥೆಯನ್ನೇ ಏಕೆ ಆರಿಸಿಕೊಂಡಿರಿ ಎಂದು ಕೇಳಿದರೆ ಅದು ವಿಶ್ವವಿಖ್ಯಾತ ಸಂಸ್ಥೆ, ಅಲ್ಲಿನ ಸೌಲಭ್ಯಗಳು ಉತ್ತಮವಾಗಿವೆ ಎನ್ನಬೇಕು. ಮುಗಿದ ಮೇಲೆ ಏನು ಮಾಡುವಿರಿ ಎಂದರೆ ತಂದೆ ತಾಯಿ ಇಲ್ಲಿದ್ದಾರೆ, ಆಸ್ತಿ ಇಲ್ಲಿದೆ, ಖಂಡಿತವಾಗಿ ಮರಳುವೆ ಎನ್ನಬೇಕು. ನಾನು ಅದನ್ನು ಚಾಚೂ ತಪ್ಪದೆ ಒಪ್ಪಿಸಿದೆ. ಹೇಳುತ್ತಿದ್ದಾಗಲೇ ಪಕ್ಕದ ಕಿಟಕಿಯಲ್ಲಿ ನಿಂತಿದ್ದ ಇನ್ನೊಬ್ಬ ವಿದ್ಯಾರ್ಥಿ ಹೆಚ್ಚುಕಡಿಮೆ ಅದೇ ಪದಗಳಲ್ಲಿ ಅದೇ ಉತ್ತರವನ್ನು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅದು ಗಾಜಿನ ಆಚೆಗೂ ಕೇಳಿಸಿರಬೇಕು. ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ನಾನು ಯಾರು, ಏನು ಕಲಿಯಲು ಹೊರಟಿದ್ದೇನೆ ಎಂಬುದು ಆ ಮಾತುಗಳಲ್ಲಿ ಎಲ್ಲಿಯೂ ಇರಲಿಲ್ಲ. ಆ ಉತ್ತರವನ್ನು ಯಾರು ಬೇಕಾದರೂ ಹೇಳಬಹುದಿತ್ತು, ಹೇಳುತ್ತಲೂ ಇದ್ದರು.

ಅಂದಿನಿಂದ ಇಂದಿನವರೆಗೆ ಹಲವು ವರ್ಷ ಕಳೆದಿವೆ. ಈಗ ವಿನಿಮಯ ಕಾರ್ಯಕ್ರಮಗಳಿಗೆ ಹೊರಡುವ ವಿದ್ಯಾರ್ಥಿಗಳ ಜೊತೆ ಕುಳಿತು ಅವರ ಕಡತಗಳನ್ನು ನೋಡುವುದು ನನ್ನ ದಿನನಿತ್ಯದ ಕೆಲಸ. ಹತ್ತಾರು ದೇಶಗಳ ಅರ್ಜಿಗಳನ್ನು ನೋಡಿದ ಮೇಲೆ ನನ್ನಲ್ಲಿ ಬಲವಾಗಿ ನಿಂತಿರುವ ಒಂದು ಅಭಿಪ್ರಾಯವಿದೆ. ಮರಳಿ ಬರುವುದನ್ನು ಯಾರೂ ಸಾಬೀತು ಮಾಡಲಾರರು. ಏತಕ್ಕೆ ಹೋಗುತ್ತಿದ್ದೇನೆ ಎಂಬುದು ತನಗೆ ಸ್ಪಷ್ಟವಾಗಿ ಗೊತ್ತಿದೆ ಎಂಬುದನ್ನು ಮಾತ್ರ ತೋರಿಸಬಹುದು, ಮತ್ತು ಅಧಿಕಾರಿ ನಿಜವಾಗಿ ತೂಗಿ ನೋಡುವುದು ಅದನ್ನೇ. ಸ್ವಂತ ಉದ್ಯೋಗ, ಸಂಸಾರ, ಆಸ್ತಿ ಇವು ವಿದ್ಯಾರ್ಥಿಗಳ ಹತ್ತಿರ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಅವರ ಈಗಿನ ಉದ್ದೇಶವನ್ನು ನೋಡಬೇಕು ಎಂದು ಅಮೆರಿಕದ ಕಾನ್ಸುಲರ್ ಅಧಿಕಾರಿಗಳ ಕೈಪಿಡಿಯಲ್ಲೇ ಬರೆದದ್ದುಂಟು. ಹೀಗಿರುವಾಗ ಅಪ್ಪನ ಹೆಸರಿನ ಆಸ್ತಿಪತ್ರಗಳ ಕಟ್ಟನ್ನು ಹೊತ್ತುಕೊಂಡು ಹೋಗುವುದಕ್ಕಿಂತ, ಹೋಗಿ ಸೇರುವ ಪ್ರಯೋಗಾಲಯದಲ್ಲಿ ಮೊದಲ ತಿಂಗಳು ಏನು ಮಾಡಲಿದ್ದೇನೆ ಎಂಬುದನ್ನು ಅರಿತುಕೊಂಡು ಹೋಗುವುದು ಮೇಲು.

ಈ ಮರಳುವಿಕೆಯ ಪ್ರಶ್ನೆ ವಿನಿಮಯ ವೀಸಾದ ಬುಡದಲ್ಲಿಯೇ ಇದೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಫುಲ್‌ಬ್ರೈಟ್ ಎಂಬ ಶೈಕ್ಷಣಿಕ ವಿನಿಮಯ ಕಾರ್ಯಕ್ರಮಕ್ಕೆ ಅಮೆರಿಕದಲ್ಲಿ ಕಾನೂನಿನ ಆಧಾರ ದೊರೆಯಿತು. 1961ರಲ್ಲಿ ಬಂದ ಪರಸ್ಪರ ಶೈಕ್ಷಣಿಕ ಮತ್ತು ಸಾಂಸ್ಕೃತಿಕ ವಿನಿಮಯ ಕಾಯ್ದೆ ಇಂದಿನ ಜೆ-1 ವೀಸಾದ ತಳಪಾಯ. ಒಂದು ದೇಶದವರು ಇನ್ನೊಂದು ದೇಶಕ್ಕೆ ಹೋಗಿ, ಕಲಿತು, ಕಂಡದ್ದನ್ನು ತಮ್ಮ ನಾಡಿಗೆ ಕೊಂಡೊಯ್ಯಬೇಕು ಎಂಬುದೇ ಅದರ ಆಶಯವಾದ್ದರಿಂದ, ಹೋದವರು ಅಲ್ಲಿಯೇ ಉಳಿದರೆ ವಿನಿಮಯ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದಲೇ ಕೆಲವು ಜೆ-1 ವೀಸಾದಾರರಿಗೆ ಎರಡು ವರ್ಷಗಳ ನಿಯಮ ಅನ್ವಯಿಸುತ್ತದೆ. ಸರ್ಕಾರದ ಹಣದಿಂದ ಹೋದವರು, ವೈದ್ಯಕೀಯ ತರಬೇತಿಗೆ ಹೋದವರು, ತಮ್ಮ ದೇಶಕ್ಕೆ ತೀರ ಅಗತ್ಯವಾದ ಕೌಶಲಗಳ ಪಟ್ಟಿಯಲ್ಲಿರುವ ವಿಷಯವನ್ನು ಕಲಿಯಲು ಹೋದವರು, ಕಾರ್ಯಕ್ರಮ ಮುಗಿದ ಬಳಿಕ ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇದ್ದ ಹೊರತು ಅಮೆರಿಕದ ಖಾಯಂ ನಿವಾಸವನ್ನಾಗಲಿ ಎಚ್ ಅಥವಾ ಎಲ್ ವರ್ಗದ ಉದ್ಯೋಗ ವೀಸಾವನ್ನಾಗಲಿ ಪಡೆಯುವಂತಿಲ್ಲ. ಮನ್ನಾ ಕೇಳಲು ದಾರಿಗಳಿವೆ, ಆದರೆ ಅವು ಸುಲಭದವಲ್ಲ. 2024ರ ಡಿಸೆಂಬರ್‌ನಲ್ಲಿ ಆ ಕೌಶಲಗಳ ಪಟ್ಟಿಯನ್ನು ಪರಿಷ್ಕರಿಸಿ ಭಾರತ, ಚೀನಾ ಸೇರಿದಂತೆ ಹಲವು ದೇಶಗಳನ್ನು ಅದರಿಂದ ಕೈಬಿಟ್ಟರು. ಸರ್ಕಾರಿ ಹಣ ಮತ್ತು ವೈದ್ಯಕೀಯ ತರಬೇತಿಯ ಕಾರಣಕ್ಕೆ ಬರುವ ನಿರ್ಬಂಧ ಮಾತ್ರ ಹಾಗೆಯೇ ಉಳಿದಿದೆ. ಹಣಕಾಸಿನ ಮೂಲ ಯಾವುದು ಎಂದು, ಜೆ-1 ವೀಸಾಕ್ಕಾಗಿ ಕಾರ್ಯಕ್ರಮದವರು ಕೊಡುವ ಡಿಎಸ್-2019 ಪತ್ರದಲ್ಲಿ ಬರೆದಿರುವ ಒಂದೇ ಸಾಲು ಮುಂದಿನ ಎಷ್ಟೋ ವರ್ಷಗಳ ದಾರಿಯನ್ನು ನಿರ್ಧರಿಸಬಲ್ಲದು ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಂಡವರನ್ನು ನಾನು ಕಂಡಿರುವುದು ಅಪರೂಪ. ಈ ನಿಯಮ ಕಠಿಣವಾದದ್ದು, ನಿಜ. ಆದರೂ ನನಗೆ ಅದರ ಬಗ್ಗೆ ಗೌರವವಿದೆ, ಏಕೆಂದರೆ ಅದು ಯುವಕರ ಮನಸ್ಸನ್ನು ಊಹಿಸಲು ಹೋಗುವುದಿಲ್ಲ. ಏನು ಮಾಡಬೇಕೆಂದು ಮೊದಲೇ ಬರೆದು ತಿಳಿಸುತ್ತದೆ.

ಮನಸ್ಸನ್ನು ಊಹಿಸುವ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ಬೇರೆ ದೇಶಗಳೂ ಕಂಡುಕೊಂಡಿವೆ. ಆಸ್ಟ್ರೇಲಿಯಾ ಹಲವು ವರ್ಷಗಳ ಕಾಲ ವಿದ್ಯಾರ್ಥಿಗಳಿಂದ 'ನಿಜವಾದ ತಾತ್ಕಾಲಿಕ ಪ್ರವೇಶಿ' ಎಂಬ ಷರತ್ತಿಗೆ ಉತ್ತರ ಬರೆಸಿಕೊಳ್ಳುತ್ತಿತ್ತು. ಅಲ್ಲಿ ಓದಿದವರಿಗೆ ಮುಂದೆ ಉಳಿದು ದುಡಿಯಲು ಅದೇ ದೇಶದ ಕಾನೂನು ಅವಕಾಶ ಕೊಟ್ಟಿರುವಾಗ, ಉಳಿಯುವ ಆಸೆಯೇ ಇಲ್ಲವೆಂದು ಬರೆಯಿರಿ ಎಂದರೆ ವಿದ್ಯಾರ್ಥಿ ಏನು ಬರೆಯಬೇಕು? 2024ರ ಮಾರ್ಚ್ 23ರಿಂದ ಆ ಷರತ್ತನ್ನು ತೆಗೆದು 'ನಿಜವಾದ ವಿದ್ಯಾರ್ಥಿ' ಎಂಬ ಷರತ್ತನ್ನು ತಂದರು. ಈಗ ಅರ್ಜಿಯಲ್ಲಿಯೇ ನೇರವಾದ ಪ್ರಶ್ನೆಗಳಿವೆ: ಸದ್ಯದ ನಿಮ್ಮ ಪರಿಸ್ಥಿತಿ ಏನು, ಈ ಕೋರ್ಸನ್ನು ಈ ದೇಶದಲ್ಲೇ ಓದಲು ಕಾರಣವೇನು, ಇದರಿಂದ ನಿಮಗೆ ಏನು ಉಪಯೋಗ. ಕೆನಡಾ ಇನ್ನೂ ಸ್ಪಷ್ಟವಾಗಿದೆ. ಅಲ್ಲಿನ ವಲಸೆ ಕಾಯ್ದೆಯ 22(2)ನೆಯ ಉಪವಿಧಿಯ ಪ್ರಕಾರ, ಮುಂದೊಂದು ದಿನ ಖಾಯಂ ನಿವಾಸಿಯಾಗುವ ಉದ್ದೇಶವಿದ್ದ ಮಾತ್ರಕ್ಕೆ ಒಬ್ಬರು ತಾತ್ಕಾಲಿಕ ನಿವಾಸಿಯಾಗಲು ಅನರ್ಹರಾಗುವುದಿಲ್ಲ. ಅನುಮತಿಸಿದ ಅವಧಿ ಮುಗಿದಾಗ ದೇಶ ಬಿಡುವರೆಂದು ಅಧಿಕಾರಿಗೆ ಅನಿಸಿದರೆ ಸಾಕು. ನನ್ನ ಮಟ್ಟಿಗೆ ಈ ನಿಲುವುಗಳು ಹೆಚ್ಚು ಮಾನವೀಯವಾದವು. ಮನುಷ್ಯರಿಗೆ ತಾವು ಐದು ವರ್ಷಗಳ ನಂತರ ಎಲ್ಲಿರುತ್ತೇವೆ ಎಂಬುದು ತಿಳಿಯದು, ಆದರೆ ಈಗ ಏನನ್ನು ಹಂಬಲಿಸುತ್ತಿದ್ದೇವೆ ಎಂಬುದು ತಿಳಿದಿರುತ್ತದೆ.

ಹಣದ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಮೊತ್ತದಲ್ಲಿ ಅಲ್ಲ, ಕಾಲದಲ್ಲಿ. ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಹಣ ಖಾತೆಯಲ್ಲಿ ಸತತವಾಗಿ 28 ದಿನ ಇರಬೇಕು, ಆ 28 ದಿನಗಳ ಕೊನೆಯ ದಿನ ಅರ್ಜಿ ಹಾಕುವ ದಿನಕ್ಕಿಂತ 31 ದಿನಗಳ ಒಳಗೆ ಬರಬೇಕು. ನನ್ನ ಮುಂದೆ ಕುಳಿತಿದ್ದ ಒಬ್ಬ ಹುಡುಗಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹತ್ತೊಂಬತ್ತನೆಯ ದಿನ ಒಂದು ಸಣ್ಣ ಮೊತ್ತ ಹೊರಹೋಗಿತ್ತು. ಮನೆಯವರು ತುರ್ತಿಗೆ ತೆಗೆದು, ಮರುದಿನವೇ ಮತ್ತೆ ತುಂಬಿದ್ದರು. ಒಂದೇ ಒಂದು ದಿನ ಶಿಲ್ಕು ನಿಗದಿತ ಮೊತ್ತಕ್ಕಿಂತ ಕೆಳಗಿಳಿದಿತ್ತು. ಅವಳು ಬೆರಳಿನಿಂದ ಸಾಲು ಸಾಲಾಗಿ ಕೆಳಗಿಳಿಯುತ್ತಾ ಆ ಸಾಲಿಗೆ ಬಂದು ನಿಂತಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಅಂದಿನಿಂದ ಮತ್ತೆ 28 ದಿನ ಎಣಿಸಿದೆವು. ಅದೃಷ್ಟಕ್ಕೆ ಕಾಲ ಉಳಿದಿತ್ತು.

ಜರ್ಮನಿಯಲ್ಲಿ ಈ ಅನುಮಾನಕ್ಕೆ ಎಡೆಯೇ ಇರದಂತೆ ನಿರ್ಬಂಧಿತ ಖಾತೆಯ ವ್ಯವಸ್ಥೆ ಇದೆ. ಒಂದು ವರ್ಷದ ಜೀವನವೆಚ್ಚವನ್ನು, 2024ರ ಸೆಪ್ಟೆಂಬರ್‌ನಿಂದ 11,904 ಯೂರೋಗಳನ್ನು, ಮುಂಗಡವಾಗಿ ತುಂಬಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅದು ನಮ್ಮ ಕೈಗೆ ಬರುತ್ತದೆ. ಕೆನಡಾದಲ್ಲಿ ಒಬ್ಬ ವಿದ್ಯಾರ್ಥಿಯ ಜೀವನವೆಚ್ಚಕ್ಕೆ ತೋರಿಸಬೇಕಾದ ಮೊತ್ತ ಸುಮಾರು ಎರಡು ದಶಕ 10,000 ಕೆನಡಿಯನ್ ಡಾಲರುಗಳಲ್ಲೇ ನಿಂತಿತ್ತು. 2024ರ ಜನವರಿ 1ರಂದು ಒಮ್ಮೆಗೇ 20,635ಕ್ಕೆ ಏರಿತು, ಆಮೇಲೆಯೂ ಪರಿಷ್ಕರಣೆಯಾಗಿದೆ. ಆ ಏರಿಕೆ ಒಂದು ದೃಷ್ಟಿಯಲ್ಲಿ ನ್ಯಾಯವಾದದ್ದು, ಏಕೆಂದರೆ ಹಳೆಯ ಮೊತ್ತವನ್ನು ನಂಬಿ ಹೋದವರು ಅಲ್ಲಿ ಬಾಡಿಗೆ ಕಟ್ಟಲಾರದೆ ಬಳಲಿದ್ದಾರೆ. ಆದರೆ ಹಿಂದಿನ ಸಂಖ್ಯೆಯನ್ನೇ ಗುರಿಯಾಗಿಟ್ಟು ವರ್ಷಗಟ್ಟಲೆ ಕೂಡಿಟ್ಟ ಮನೆಯವರಿಗೆ ಅದು ಬಾಗಿಲು ಮುಚ್ಚಿದ ಹಾಗೆಯೇ ಆಯಿತು. ಸಂಖ್ಯೆಗಳನ್ನು ಪರಿಚಿತರ ಬಾಯಿಂದ ಕೇಳಿ ನಂಬಬಾರದು, ಅರ್ಜಿ ಹಾಕುವ ವಾರ ಆಯಾ ಸರ್ಕಾರದ ಪುಟದಲ್ಲಿಯೇ ಓದಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ದಿಢೀರನೆ ಬಂದು ಕುಳಿತ ದೊಡ್ಡ ಮೊತ್ತವೂ ಹೀಗೆಯೇ. ಅರ್ಜಿಗೆ ವಾರದ ಮೊದಲು ಖಾತೆಗೆ ಬಂದ ಹಣ ಎರವಲಿನದಿರಬಹುದು ಎಂಬ ಸಂಶಯ ಓದುವವರಿಗೆ ಸಹಜ. ಅದು ನಿಜವಾಗಿ ಜಮೀನು ಮಾರಿದ ಹಣವೋ ಠೇವಣಿ ಮುರಿದ ಹಣವೋ ಆಗಿದ್ದರೆ, ಆ ವ್ಯವಹಾರದ ಒಂದು ಪತ್ರವನ್ನು ಜೊತೆಗಿಟ್ಟು ಎರಡು ಸಾಲು ವಿವರಿಸಿದರೆ ಸಂಶಯ ಅಲ್ಲಿಗೆ ನಿಲ್ಲುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಅಪರಿಚಿತರು ಒಂದು ಮನೆಯ ಕಥೆಯಂತೆ ಓದುತ್ತಾರೆ. ಕಥೆಯಲ್ಲಿ ಒಂದು ಪುಟ ಹರಿದಿದ್ದರೆ ಅದನ್ನು ನಾವೇ ತುಂಬಿಕೊಡಬೇಕು.

ವಿನಿಮಯ ವಿದ್ಯಾರ್ಥಿಗಳಿಗೆ ಇನ್ನೊಂದು ವಿಶೇಷ ತೊಡಕಿದೆ. ಪೂರ್ಣ ಪದವಿಗೆ ಹೋಗುವವರು ಒಂದೇ ಸಂಸ್ಥೆಗೆ ಉತ್ತರ ಹೇಳಿದರೆ ಸಾಕು. ವಿನಿಮಯಕ್ಕೆ ಹೋಗುವವರು ಎರಡು ಸಂಸ್ಥೆಗಳ ನಡುವೆ ನಿಂತಿರುತ್ತಾರೆ. ಮೊದಲು ತಮ್ಮ ಸಂಸ್ಥೆ ನಾಮನಿರ್ದೇಶನ ಮಾಡಬೇಕು, ಆಮೇಲೆ ಅತಿಥೇಯ ಸಂಸ್ಥೆ ಒಪ್ಪಿ ಪತ್ರ ಕಳಿಸಬೇಕು. ಆ ಪತ್ರ ಬರುವವರೆಗೆ ವೀಸಾ ಕೆಲಸದಲ್ಲಿ ಒಂದು ಹೆಜ್ಜೆಯೂ ಮುಂದಿಡಲಾಗದು. ಅಮೆರಿಕಕ್ಕಾದರೆ ಅದು ಜೆ-1ರ ಡಿಎಸ್-2019 ಅಥವಾ ಎಫ್-1ರ ಐ-20, ಜಪಾನಿಗಾದರೆ ವಲಸೆ ಇಲಾಖೆ ಕೊಡುವ ಅರ್ಹತಾ ಪ್ರಮಾಣಪತ್ರ, ಚೀನಾಕ್ಕಾದರೆ ಪ್ರವೇಶಪತ್ರದ ಜೊತೆಗೆ ವಿದ್ಯಾರ್ಥಿ ವೀಸಾಕ್ಕೆಂದು ಕೊಡುವ ಜೆಡಬ್ಲ್ಯು ನಮೂನೆ. ಇದಲ್ಲದೆ ವಿನಿಮಯದಲ್ಲಿ ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ತಮ್ಮ ಸಂಸ್ಥೆಗೇ ಕಟ್ಟಿರುತ್ತಾರೆ, ಅತಿಥೇಯ ಸಂಸ್ಥೆಯ ಪತ್ರದಲ್ಲಿ ಆ ಜಾಗದಲ್ಲಿ ಸೊನ್ನೆ ಇರುತ್ತದೆ. ಇದನ್ನು ಹೊಸದಾಗಿ ನೋಡುವ ಅಧಿಕಾರಿಗೆ ಸೊನ್ನೆ ಏಕೆ ಎಂದು ತಿಳಿಯದು. ಎರಡು ಸಂಸ್ಥೆಗಳ ನಡುವೆ ಒಪ್ಪಂದವಿದೆ, ಶುಲ್ಕ ಇಲ್ಲಿ ಕಟ್ಟಲಾಗಿದೆ, ಅಲ್ಲಿ ಗಳಿಸಿದ ಅಂಕಗಳು ಇಲ್ಲಿನ ಪದವಿಗೆ ಸೇರುತ್ತವೆ, ಇಂಥ ಸೆಮಿಸ್ಟರಿಗೆ ಇವರು ಇಲ್ಲಿ ಮರಳಿ ಹಾಜರಾಗಬೇಕು ಎಂದು ತಮ್ಮ ಸಂಸ್ಥೆಯಿಂದ ಒಂದು ಪುಟದ ಪತ್ರ ಪಡೆದುಕೊಂಡರೆ, ಮರಳುವ ಮಾತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಅರ್ಧ ಮುಗಿದ ಪದವಿ ಎಷ್ಟೋ ಆಸ್ತಿಪತ್ರಗಳಿಗಿಂತ ಗಟ್ಟಿಯಾದ ನಂಟು.

ಪ್ರತಿಯೊಂದು ಕಾಗದಕ್ಕೂ ಅದರದೇ ಆಯುಷ್ಯವಿದೆ. ಜಪಾನಿನ ಅರ್ಹತಾ ಪ್ರಮಾಣಪತ್ರ ಮೂರು ತಿಂಗಳು ನಡೆಯುತ್ತದೆ. ಬ್ರಿಟನ್ನಿನ ಸಂಸ್ಥೆ ಪ್ರವೇಶವನ್ನು ದೃಢಪಡಿಸಿ ಕೊಡುವ ಸಿಎಎಸ್ ಸಂಖ್ಯೆಯನ್ನು ಆರು ತಿಂಗಳೊಳಗೆ ಬಳಸಬೇಕು, ಅಲ್ಲಿಗೆ ಬೇಕಾಗುವ ಕ್ಷಯರೋಗ ಪರೀಕ್ಷೆಯ ಪ್ರಮಾಣಪತ್ರವೂ ಆರು ತಿಂಗಳಿನದೇ. ಅಮೆರಿಕಕ್ಕೆ ವಿದ್ಯಾರ್ಥಿ ಅಥವಾ ವಿನಿಮಯ ವೀಸಾದಲ್ಲಿ ಹೋಗುವವರು ಕಾರ್ಯಕ್ರಮ ಆರಂಭವಾಗುವುದಕ್ಕೆ 30 ದಿನಗಳಿಗಿಂತ ಮುಂಚೆ ದೇಶದೊಳಗೆ ಕಾಲಿಡುವಂತಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ಅಲ್ಪಾವಧಿ ವೀಸಾ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಬಿಡುತ್ತದೆ, ಒಂದು ಸೆಮಿಸ್ಟರ್ ಸಾಮಾನ್ಯವಾಗಿ ಅದಕ್ಕಿಂತ ಉದ್ದ. ನಾಲ್ಕೂವರೆ ತಿಂಗಳ ವಿನಿಮಯಕ್ಕೆ ಅಲ್ಪಾವಧಿ ವೀಸಾ ಸಾಕೆಂದು ಅರ್ಜಿ ತುಂಬಿಕೊಂಡು ಬಂದವರನ್ನು ತಡೆದು, ಆಯಾ ದೇಶದ ದೀರ್ಘಾವಧಿಯ ಡಿ ವರ್ಗದ ವೀಸಾಕ್ಕೆ ಮೊದಲಿನಿಂದ ಶುರು ಮಾಡಿಸಿದ್ದೇನೆ. ನನ್ನ ಕ್ರಮ ಸರಳವಾದದ್ದು. ಒಂದು ಹಾಳೆಯ ತಳದಲ್ಲಿ ತರಗತಿ ಆರಂಭವಾಗುವ ದಿನಾಂಕ ಬರೆದು, ಅಲ್ಲಿಂದ ಮೇಲಕ್ಕೆ ಹಿಂದೆ ಹಿಂದೆ ಎಣಿಸುತ್ತಾ, ಯಾವ ಕಾಗದ ಯಾವ ದಿನಕ್ಕಿಂತ ಮೊದಲು ಬರಬೇಕು, ಯಾವುದು ಯಾವ ದಿನಕ್ಕಿಂತ ಹಳೆಯದಾಗಿರಬಾರದು ಎಂದು ಬರೆಯುತ್ತಾ ಹೋಗುವುದು. ಆ ಹಾಳೆಯ ತುದಿ ತಲುಪುವ ಹೊತ್ತಿಗೆ, ಇನ್ನೂ ಸಾಕಷ್ಟು ಕಾಲವಿದೆ ಎಂದು ಬಂದಿದ್ದವರಿಗೆ ಇಂದೇ ಹೊರಡಬೇಕೆಂದು ಅರ್ಥವಾಗಿರುತ್ತದೆ.

ಹೆಸರಿನ ತೊಂದರೆಯನ್ನೂ ಹೇಳದಿರಲಾರೆ. ಅಂಕಪಟ್ಟಿಯಲ್ಲಿ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತೃತ ರೂಪ, ಬ್ಯಾಂಕಿನಲ್ಲಿ ಇನ್ನೊಂದು ಕ್ರಮ ಹೀಗಿದ್ದರೆ, ಒಬ್ಬರೇ ವ್ಯಕ್ತಿ ಕಡತದಲ್ಲಿ ಮೂವರಾಗಿ ಕಾಣುತ್ತಾರೆ. ಪ್ರವೇಶಕ್ಕೆ ಅರ್ಜಿ ಹಾಕುವ ದಿನವೇ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು ಬರೆದವರಿಗೆ ಮುಂದೆ ಪತ್ರಗಳನ್ನು ತಿದ್ದಿಸುವ ಅಲೆದಾಟ ತಪ್ಪುತ್ತದೆ.

ಮತ್ತೆ ನನ್ನ ವಿಷಯಕ್ಕೆ ಬರುತ್ತೇನೆ. 214(ಬಿ) ಅಡಿಯಲ್ಲಿ ನಿರಾಕರಣೆಯಾದರೆ ಮೇಲ್ಮನವಿ ಇಲ್ಲ, ಆದರೆ ಮತ್ತೆ ಅರ್ಜಿ ಹಾಕಲು ಅಡ್ಡಿಯೂ ಇಲ್ಲ. ಹೊಸ ಅರ್ಜಿ, ಹೊಸ ವೀಸಾ ಶುಲ್ಕ, ಹೊಸ ಸಂದರ್ಶನ. ಮೊದಲ ಅರ್ಜಿಯ ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡು ಅದೃಷ್ಟ ಪರೀಕ್ಷೆಗೆ ಇನ್ನೊಮ್ಮೆ ಹೋದರೆ ಉತ್ತರ ಬದಲಾಗಲು ಕಾರಣವಿಲ್ಲ ಎಂದು ನನಗೆ ಅಷ್ಟೊತ್ತಿಗೆ ಹೊಳೆದಿತ್ತು. ಏಜೆಂಟರ ಎರಡು ಪುಟಗಳನ್ನು ಹರಿದು ಹಾಕಿ, ನಾನು ಅಲ್ಲಿಗೆ ಏಕೆ ಹೋಗುತ್ತಿದ್ದೇನೆ ಎಂದು ನನ್ನ ಮಾತಿನಲ್ಲಿ ಒಂದು ಪುಟ ಬರೆಯಲು ಕುಳಿತೆ. ಅದು ಮೂರು ದಿನ ತೆಗೆದುಕೊಂಡಿತು. ನಾನು ಕಲಿಯುತ್ತಿದ್ದುದು ಹಳೆಯ ಕಾಗದದ ದಾಖಲೆಗಳ ಸಂರಕ್ಷಣೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮರದ ತಿರುಳಿನಿಂದ ತಯಾರಾಗತೊಡಗಿದ ಕಾಗದದೊಳಗೆ ಆಮ್ಲ ಉಳಿದುಕೊಂಡಿರುತ್ತದೆ, ಅದು ಕಾಗದವನ್ನು ಒಳಗಿನಿಂದಲೇ ತಿಂದು, ಮುಟ್ಟಿದರೆ ಮುರಿಯುವ ಹಪ್ಪಳದಂತೆ ಮಾಡುತ್ತದೆ. ಅಂಥ ಹಾಳೆಗಳನ್ನು ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಬೈಕಾರ್ಬನೇಟ್ ಬೆರೆಸಿದ ನೀರಿನಲ್ಲಿ ಮುಳುಗಿಸಿ ಆಮ್ಲವನ್ನು ಶಮನಗೊಳಿಸುತ್ತಾರೆ. ಹರಿದ ಕಡೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂಡಿಸುತ್ತಾರೆ. ಹಾಕಿದ ಪ್ರತಿ ತೇಪೆಯನ್ನೂ ಮುಂದೊಂದು ದಿನ ಮೂಲಕ್ಕೆ ಧಕ್ಕೆಯಾಗದಂತೆ ಬಿಡಿಸಲು ಬರಬೇಕು ಎಂಬುದು ಆ ವಿದ್ಯೆಯ ಮೊದಲ ನಿಯಮ. ಇದನ್ನೆಲ್ಲ ನಾನು ಓದಿದ್ದೆ, ಕೈಯಿಂದ ಮಾಡಿರಲಿಲ್ಲ. ಆ ವರ್ಷ ನನ್ನ ಕೈ ಅದನ್ನು ಕಲಿಯಲಿತ್ತು. ಬರೆದು ಮುಗಿಸಿದಾಗ, ಸಂದರ್ಶನಕ್ಕೆ ಹೋಗುವ ಮೊದಲೇ ಆ ಪುಟ ನನಗೇ ಏನನ್ನೋ ಮನವರಿಕೆ ಮಾಡಿಕೊಟ್ಟಿತ್ತು.

ಎರಡನೆಯ ಬಾರಿ ಬೇರೊಬ್ಬ ಅಧಿಕಾರಿ ಇದ್ದರು. ಹಿಂದೆ ನಿರಾಕರಣೆಯಾಗಿದೆಯಲ್ಲ, ಈಗ ಏನು ಬದಲಾಗಿದೆ ಎಂದು ಕೇಳಿದರು. ಕಳೆದ ಬಾರಿ ನಾನು ಏನು ಮಾಡಲು ಹೋಗುತ್ತಿದ್ದೇನೆ ಎಂಬುದನ್ನು ಹೇಳಲೇ ಇಲ್ಲ, ಈಗ ಹೇಳುತ್ತೇನೆ ಎಂದೆ. ಹೇಳಿ ಎಂದರು. ಹಾಳೆಗಳನ್ನು ನೀರಿನಲ್ಲಿ ಮುಳುಗಿಸುವ ಮಾತಿಗೆ ಬಂದಾಗ ಅವರು ಕೀಲಿಮಣೆಯಿಂದ ಕೈ ತೆಗೆದು, ನನ್ನತ್ತ ನೋಡಿ, "ನೀರಿಗೆ ಹಾಕಿದರೆ ಶಾಯಿ ಕದಡಿ ಹೋಗುವುದಿಲ್ಲವೆ?" ಎಂದು ಕೇಳಿದರು. ಅದು ಯಾವ ಏಜೆಂಟರ ಪಟ್ಟಿಯಲ್ಲೂ ಇರದ ಪ್ರಶ್ನೆ. ಮೊದಲು ಒಂದು ಅಕ್ಷರದ ಅಂಚಿಗೆ ಒಂದೇ ಹನಿ ಹಾಕಿ, ಒತ್ತುಕಾಗದ ಒತ್ತಿ, ಬಣ್ಣ ಹತ್ತುತ್ತದೆಯೆ ಎಂದು ನೋಡುತ್ತಾರೆ, ಹತ್ತಿದರೆ ಆ ಹಾಳೆಯನ್ನು ಮುಳುಗಿಸುವುದಿಲ್ಲ, ಅದಕ್ಕೆ ಬೇರೆ ದಾರಿಗಳಿವೆ, ಆ ದಾರಿಗಳನ್ನೇ ನಾನು ಕಲಿಯಬೇಕಾಗಿದೆ ಎಂದೆ. ಹನಿ ಹಾಕುವುದನ್ನು ಹೇಳುವಾಗ ನನ್ನ ಕೈ ತಾನಾಗಿಯೇ ಕಿಟಕಿಯ ಕಟ್ಟೆಯ ಮೇಲೆ ಆ ಹನಿಯನ್ನು ಇಡುವಂತೆ ಚಲಿಸಿತ್ತು. ಅವರು ಕೊನೆಯದಾಗಿ ಮರಳಿ ಬಂದ ಮೇಲೆ ಎಲ್ಲಿ ಕೆಲಸ ಮಾಡುವಿರಿ ಎಂದಷ್ಟೇ ಕೇಳಿದರು. ನನ್ನ ಸಂಸ್ಥೆಯ ಪತ್ರವನ್ನು ತೋರಿಸಿದೆ. ಪಾಸ್‌ಪೋರ್ಟನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಆ ಕಿಟಕಿಯಲ್ಲಿ ಪಾಸ್‌ಪೋರ್ಟ್ ನಮ್ಮ ಕೈಗೆ ಮರಳದಿರುವುದೇ ಒಳ್ಳೆಯ ಸುದ್ದಿ.

ನಿರಾಕರಣೆಯಾದ ಕಾಗದವನ್ನು ಹಿಡಿದುಕೊಂಡು ಬರುವವರಿಗೆ ನಾನು ಮೊದಲು ಹೇಳುವುದು ಅದನ್ನು ಪೂರ್ತಿಯಾಗಿ ಓದಿ ಎಂದು. ಬ್ರಿಟನ್ನಿನ ನಿರಾಕರಣ ಪತ್ರದಲ್ಲಿ ಯಾವ ನಿಯಮದ ಯಾವ ಭಾಗ ಪೂರೈಸಲಿಲ್ಲ ಎಂಬುದು ಬರೆದಿರುತ್ತದೆ. ಕೆನಡಾದಲ್ಲಿ ಅಧಿಕಾರಿ ಬರೆದುಕೊಂಡ ಟಿಪ್ಪಣಿಗಳನ್ನು ಮಾಹಿತಿ ಕಾನೂನಿನ ಮೂಲಕ ಪಡೆಯುವ ದಾರಿಯಿದೆ. ಜರ್ಮನಿಯ ದೂತಾವಾಸಗಳಿಗೆ ಮರುಪರಿಶೀಲನೆಯ ಮನವಿ ಸಲ್ಲಿಸುವ ಪದ್ಧತಿ ಬಹುಕಾಲ ಇತ್ತು, 2025ರ ಜುಲೈ 1ರಿಂದ ಅದನ್ನು ನಿಲ್ಲಿಸಿದ್ದಾರೆ. ಈಗ ಹೊಸ ಅರ್ಜಿ ಹಾಕಬೇಕು, ಇಲ್ಲವೆ ನ್ಯಾಯಾಲಯಕ್ಕೆ ಹೋಗಬೇಕು. ಯಾವ ದೇಶವೇ ಆಗಲಿ, ನಿರಾಕರಣೆ ಅಪರಾಧವಲ್ಲ, ಮುಂದಿನ ಅರ್ಜಿಗೆ ಮಸಿಯೂ ಅಲ್ಲ. ಮಸಿಯಾಗುವುದು ಸುಳ್ಳು. ಸುಳ್ಳು ದಾಖಲೆ ಅಥವಾ ಮರೆಮಾಚಿದ ಸಂಗತಿ ಸಿಕ್ಕಿಬಿದ್ದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷ ಬಾಗಿಲು ಹಾಕುತ್ತದೆ. ಅಮೆರಿಕದ ಕಾನೂನಿನಲ್ಲಿ ಅದಕ್ಕೆ ಕಾಲಮಿತಿಯೇ ಇಲ್ಲ, ಜೀವನಪೂರ್ತಿ ಉಳಿಯುತ್ತದೆ. ಆ ಸುಳ್ಳನ್ನು ಸೇರಿಸಿದವರು ಹಣ ಪಡೆದ ಮಧ್ಯವರ್ತಿಯೇ ಆಗಿದ್ದರೂ ಸಹಿ ನಮ್ಮದು, ಶಿಕ್ಷೆಯೂ ನಮಗೇ. ಅರ್ಜಿಯ ಪ್ರತಿ ಪುಟವನ್ನು ತಾವೇ ಓದದೆ ಸಹಿ ಹಾಕಬೇಡಿ ಎಂದು ಬೇಡಿಕೊಳ್ಳುವಾಗ ನನ್ನ ದನಿ ಏರುವುದುಂಟು, ಏಕೆಂದರೆ ಹಾಗೆ ಹತ್ತು ವರ್ಷಗಳನ್ನು ಕಳೆದುಕೊಂಡ ಒಬ್ಬರ ಮುಖ ನನ್ನ ಕಣ್ಣ ಮುಂದಿದೆ.

ಈಚೆಗೆ ಇನ್ನೊಂದು ಸೇರ್ಪಡೆಯಾಗಿದೆ. ಅಮೆರಿಕದ ಅರ್ಜಿಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣ ಖಾತೆಗಳ ಹೆಸರುಗಳನ್ನು 2019ರಿಂದ ಕೇಳುತ್ತಿದ್ದಾರೆ; 2025ರ ಜೂನ್‌ನಿಂದ ಎಫ್, ಎಂ (ವೃತ್ತಿ ತರಬೇತಿ ವಿದ್ಯಾರ್ಥಿಗಳದು) ಮತ್ತು ಜೆ ವೀಸಾ ಅರ್ಜಿದಾರರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂದು ಸೂಚಿಸಿದ್ದಾರೆ. ಹದಿನೆಂಟು ಇಪ್ಪತ್ತರ ವಯಸ್ಸಿನವರು ಸ್ನೇಹಿತರಿಗೆಂದು ಬರೆದದ್ದನ್ನು ಹೀಗೆ ಅಪರಿಚಿತರ ಮುಂದೆ ಹರಡಬೇಕಾಗಿ ಬಂದಿರುವುದು ನನಗೆ ಸಂಕಟದ ಸಂಗತಿ. ಆದರೆ ಅದನ್ನು ಬಚ್ಚಿಡುವುದಕ್ಕಾಗಲಿ ಖಾತೆಯನ್ನು ಅರ್ಜಿಯಲ್ಲಿ ಬಿಟ್ಟುಬಿಡುವುದಕ್ಕಾಗಲಿ ನಾನು ಯಾರಿಗೂ ಸಲಹೆ ಕೊಡಲಾರೆ.

ವೀಸಾ ಅಂಟಿಸಿದ ಪುಟ ಕೈಗೆ ಬಂದ ಮೇಲೆ ಅದು ಗಡಿಯ ಬಾಗಿಲವರೆಗೆ ಬರಲು ಸಿಕ್ಕ ಒಪ್ಪಿಗೆ ಎಂಬುದು ನೆನಪಿರಬೇಕು. ಒಳಗೆ ಬಿಡುವವರು ಗಡಿಯಲ್ಲಿ ಕುಳಿತ ಇನ್ನೊಬ್ಬ ಅಧಿಕಾರಿ, ಅವರು ಕೇಳುವುದೂ ಅದೇ ಪ್ರಶ್ನೆಗಳನ್ನೇ. ಆದ್ದರಿಂದ ಮೂಲಪತ್ರಗಳು ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಅಲ್ಲ. ಹೋದ ಮೇಲೆಯೂ ಕೆಲವು ಕೆಲಸಗಳು ಬಾಕಿ ಇರುತ್ತವೆ. ಫ್ರಾನ್ಸಿನಲ್ಲಿ ದೀರ್ಘಾವಧಿಯ ವಿದ್ಯಾರ್ಥಿ ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಮಾನ್ಯ ಮಾಡಿಸಿಕೊಳ್ಳಬೇಕು, ಅಮೆರಿಕದಲ್ಲಿ ಸಂಸ್ಥೆಗೆ ವರದಿ ಮಾಡಿಕೊಂಡು ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದತ್ತಾಂಶ ವ್ಯವಸ್ಥೆ) ದಾಖಲೆಯನ್ನು ಜೀವಂತಗೊಳಿಸಬೇಕು. ಕಾರ್ಯಕ್ರಮ ಮುಗಿದ ಮೇಲೆ ಜೆ-1ದಾರರಿಗೆ 30 ದಿನ, ಎಫ್-1ದಾರರಿಗೆ 60 ದಿನ ದೇಶ ಬಿಡುವ ಸಿದ್ಧತೆಗೆಂದು ಸಿಗುತ್ತದೆ. ನಾನು ಆ 30 ದಿನಗಳಲ್ಲಿ ಹನ್ನೊಂದನ್ನು ಬಳಸಿಕೊಂಡೆ.

ಮರಳಿದ ಮೇಲೂ ಆ ಕಡತವನ್ನು ನಾನು ಎಸೆದಿಲ್ಲ. ಅಮೆರಿಕದ ಡಿಎಸ್-160 ಅರ್ಜಿಯಲ್ಲಿ, ನಿಮಗೆ ಹಿಂದೆ ಎಂದಾದರೂ ಆ ದೇಶದ ವೀಸಾ ನಿರಾಕರಣೆಯಾಗಿದೆಯೆ ಎಂಬ ಪ್ರಶ್ನೆ ಇದೆ. ಬೇರೆ ದೇಶಗಳ ಅರ್ಜಿಗಳಲ್ಲಿಯೂ ಅದರ ಒಂದಲ್ಲ ಒಂದು ರೂಪ ಇರುತ್ತದೆ. ಮುಂದೆ ವೀಸಾ ಸಿಕ್ಕಿತೆಂದು ಆ ಉತ್ತರ ಇಲ್ಲ ಎಂದಾಗುವುದಿಲ್ಲ. ಪ್ರತಿ ಬಾರಿಯೂ ಹೌದು ಎಂದು ಗುರುತು ಮಾಡಿ, ದಿನಾಂಕವನ್ನು ಆ ಹಳೆಯ ಹಾಳೆಯಿಂದ ನೋಡಿ ಬರೆದು, ಕೆಳಗಿನ ಚೌಕದಲ್ಲಿ ವಿವರಣೆ ತುಂಬುತ್ತೇನೆ: "ಅಧ್ಯಯನದ ಉದ್ದೇಶವನ್ನು ಮೊದಲ ಸಂದರ್ಶನದಲ್ಲಿ ಸ್ಪಷ್ಟವಾಗಿ ವಿವರಿಸಿರಲಿಲ್ಲ. ಎರಡನೆಯ ಸಂದರ್ಶನದಲ್ಲಿ ವಿವರಿಸಿದೆ. ಕಾರ್ಯಕ್ರಮ ಮುಗಿಸಿ ನಿಗದಿತ ಅವಧಿಯೊಳಗೆ ಮರಳಿದ್ದೇನೆ."